ಲೇಸರ್‌ನವರಿಗೆ ಹೋಗುವ ಫೈಲು

ಸಣ್ಣ ಫ್ಯಾಬ್ರಿಕೇಷನ್ ಶಾಪಿಗೆ ಡ್ರಾಯಿಂಗ್ ಸಾಫ್ಟ್‌ವೇರ್ ತರುವ ಮುಂಚೆ ಲೇಸರ್ ಕಟಿಂಗ್ ಆಪರೇಟರ್‌ನನ್ನು ಒಂದು ಮಾತು ಕೇಳಬೇಕು. ನಾವು ಬರೆದದ್ದನ್ನು ಕೊನೆಗೆ ಓದುವುದು ಅವನ ಮೆಷಿನ್ನು.

ಪೀಣ್ಯದ ನಮ್ಮ ಶಾಪಿನಲ್ಲಿ ಪ್ಯಾನೆಲ್ ಬಾಕ್ಸು, ಬ್ರಾಕೆಟ್ಟು, ಮೆಷಿನ್ ಗಾರ್ಡು ಮಾಡುತ್ತೇವೆ. ವೆಲ್ಡಿಂಗ್, ಗ್ರೈಂಡಿಂಗ್ ಇಲ್ಲೇ ಆಗುತ್ತದೆ. ಕಟಿಂಗ್, ಬೆಂಡಿಂಗ್ ಹೊರಗೆ ಜಾಬ್ ವರ್ಕ್. ಸಾಫ್ಟ್‌ವೇರ್ ಹುಡುಕುವಾಗ ಹಳೆಯ ಡ್ರಾಯಿಂಗ್‌ಗಳನ್ನೆಲ್ಲ ಟೇಬಲ್ ಮೇಲೆ ಹರಡಿದೆ. ಬಹುಪಾಲು ಚಪ್ಪಟೆ ತುಂಡುಗಳೇ: ಹೊರ ಅಂಚು, ಹೋಲು, ಸ್ಲಾಟು, ಬೆಂಡಿನ ಗೆರೆ. ಇದಕ್ಕೆ 2ಡಿ ಧಾರಾಳ ಸಾಕು ಅನ್ನುವುದು ಅಲ್ಲೇ ತೀರ್ಮಾನವಾಯಿತು.

ಲೇಸರ್ ಶಾಪಿಗೆ ಬೇಕಾದದ್ದು ಡಿಎಕ್ಸ್ಎಫ್ ಫೈಲು. ಆಟೋಕ್ಯಾಡ್ ಜೊತೆಗೇ 1982ರಲ್ಲಿ ಬಂದ ಈ ಫಾರ್ಮ್ಯಾಟ್ ಇಂದಿಗೂ ಎಲ್ಲ ಕಡೆ ನಡೆಯುತ್ತದೆ. ಒಮ್ಮೆ ಗಿರಾಕಿಯೊಬ್ಬರು ಕಳಿಸಿದ ಫೈಲನ್ನು ಅಲ್ಲಿ ತೆರೆದಾಗ ಆಪರೇಟರ್ ಸ್ಕ್ರೀನಿನ ಮೇಲೆ ಬೆರಳಿಟ್ಟು ತೋರಿಸಿದ: “ಸಾರ್, ಇಲ್ಲಿ ಗೆರೆ ಮೇಲೆ ಗೆರೆ ಕೂತಿದೆ, ನೋಡಿ. ಹೀಗೇ ಬಿಟ್ರೆ ಹೆಡ್ಡು ಅದೇ ದಾರೀಲಿ ಎರಡು ಸಲ ಓಡುತ್ತೆ. ಈ ಮೂಲೇಲಿ ಗೆರೆ ಕೂಡೇ ಇಲ್ಲ.” ಅಂಚು ಪೂರ್ತಿ ಮುಚ್ಚಿಕೊಂಡಿರಬೇಕು, 1:1 ಅಳತೆಯಲ್ಲಿರಬೇಕು, ಮಿಲಿಮೀಟರ್‌ನಲ್ಲಿರಬೇಕು, ಡೈಮೆನ್ಷನ್ನು, ಬರಹ ಯಾವುದೂ ಫೈಲಿನಲ್ಲಿ ಉಳಿದಿರಬಾರದು. ಇಷ್ಟನ್ನು ಸಲೀಸಾಗಿ ಮಾಡಿಕೊಡುವ ಸಾಫ್ಟ್‌ವೇರ್ ನನಗೆ ಬೇಕಿತ್ತು.

ನಾನು ಆರಿಸಿಕೊಂಡದ್ದು ಲಿಬ್ರೆಕ್ಯಾಡ್. ಕ್ಯೂಕ್ಯಾಡ್‌ನ ಸಮುದಾಯ ಆವೃತ್ತಿಯಿಂದ ಕವಲೊಡೆದ, ಪೂರ್ತಿ ಉಚಿತವಾದ 2ಡಿ ಸಾಫ್ಟ್‌ವೇರ್ ಅದು. ಹಳೆಯ ಕಂಪ್ಯೂಟರ್‌ನಲ್ಲೂ ತಡವರಿಸದೆ ಓಡುತ್ತದೆ. ಕಟಿಂಗ್ ಗೆರೆಗೆ ಒಂದು ಲೇಯರ್, ಬೆಂಡಿಗೆ ಒಂದು, ಅಳತೆಗೆ ಒಂದು ಇಟ್ಟುಕೊಂಡೆವು. ಲೇಸರ್‌ನವರಿಗೆ ಕಟಿಂಗ್ ಲೇಯರ್ ಮಾತ್ರ ಬೇರೆ ಫೈಲಾಗಿ ಹೋಗುತ್ತದೆ. ಬೆಂಡಿಂಗ್‌ನವರಿಗೂ ವೆಲ್ಡರ್‌ಗೂ ಅಳತೆ ಸಮೇತ ಪ್ರಿಂಟು. ಐಟಿಐ ಮುಗಿಸಿ ಬಂದ ಹುಡುಗ ಈ ಸಾಫ್ಟ್‌ವೇರನ್ನು ಬೇಗ ಕೈಗೆ ಹತ್ತಿಸಿಕೊಂಡ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ನಾನು ಸೈಟಿನಲ್ಲಿದ್ದಾಗ ಒಂದು ಹೋಲು 9ರಿಂದ 11 ಮಿ.ಮೀ. ಆಗಬೇಕಾದರೆ ಕೆಲಸ ನಿಲ್ಲಬಾರದು.

ಬೆಂಡಿನ ಲೆಕ್ಕವನ್ನು ಮಾತ್ರ ಈ ಸಾಫ್ಟ್‌ವೇರ್ ಮಾಡಿಕೊಡುವುದಿಲ್ಲ. 3 ಮಿ.ಮೀ. ಎಂಎಸ್ ಶೀಟಿನಲ್ಲಿ ಹೊರ ಅಳತೆ 50, 50 ಇರುವ ಎಲ್ ಬ್ರಾಕೆಟ್ ಅನ್ನೋಣ. ಒಳ ತ್ರಿಜ್ಯ 3, ಕೆ ಫ್ಯಾಕ್ಟರ್ 0.4 ಎಂದು ಹಿಡಿದರೆ ಕತ್ತರಿಸಬೇಕಾದ ಉದ್ದ 100 ಅಲ್ಲ, 94.6 ಮಿ.ಮೀ. ಈ ತ್ರಿಜ್ಯ ಬೆಂಡಿಂಗ್‌ನವರ ಡೈಯ ‘ವಿ’ ಅಗಲಕ್ಕೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಪ್ರತಿ ದಪ್ಪದಲ್ಲೂ ಒಂದು ಪಟ್ಟಿ ಬೆಂಡು ಮಾಡಿಸಿ, ವರ್ನಿಯರ್‌ನಲ್ಲಿ ಅಳೆದು, ಎಷ್ಟು ಕಳೆಯಬೇಕೆಂಬುದನ್ನು ಗೋಡೆಗೆ ಅಂಟಿಸಿದ್ದೇವೆ. ನಾಲ್ಕೈದು ಬೆಂಡಿನ ಡಬ್ಬಿಗಳು ಬಂದರೆ ಫ್ರೀಕ್ಯಾಡ್ ತೆಗೆಯುತ್ತೇವೆ. ಅದೂ ಉಚಿತ, ಶೀಟ್ ಮೆಟಲ್ ಆಡ್‌ಆನ್ ಹಾಕಿಕೊಂಡರೆ ಡಬ್ಬಿಯನ್ನು ಬಿಡಿಸಿ ಚಪ್ಪಟೆ ಮಾಡಿಕೊಡುತ್ತದೆ. ಕಲಿಯುವುದಕ್ಕೆ ಮಾತ್ರ ತಾಳ್ಮೆ ಬೇಕು.

“ಆಟೋಕ್ಯಾಡ್ ಕ್ರ್ಯಾಕ್ ಹಾಕಿಸಿ ಮುಗಿಸಿಬಿಡಿ” ಎಂದು ಪೆನ್‌ಡ್ರೈವ್ ಹಿಡಿದು ಬರುವವರು ಎಲ್ಲ ಇಂಡಸ್ಟ್ರಿಯಲ್ ಏರಿಯಾದಲ್ಲೂ ಇದ್ದಾರೆ. ನಮ್ಮ ಜಿಎಸ್‌ಟಿ ರಿಟರ್ನು, ಬ್ಯಾಂಕು, ಟ್ಯಾಲಿ ಎಲ್ಲ ಅದೇ ಕಂಪ್ಯೂಟರ್‌ನಲ್ಲಿವೆ. ಯಾರು ಏನು ಸೇರಿಸಿದ್ದಾರೋ ತಿಳಿಯದ ಸಾಫ್ಟ್‌ವೇರನ್ನು ಅದರೊಳಗೆ ಬಿಟ್ಟುಕೊಳ್ಳಬಾರದು. ಕಾನೂನಿಗೂ ಅದು ತಪ್ಪು, ಬರೆದವರ ದುಡಿಮೆಗೂ ಅನ್ಯಾಯ.

ದುಡ್ಡು ಕೊಡಲೇಬೇಕಾದ ಸಂದರ್ಭವೂ ಉಂಟು. ದೊಡ್ಡ ಗಿರಾಕಿಗಳು ಆಟೋಕ್ಯಾಡ್‌ನ ಡಿಡಬ್ಲ್ಯೂಜಿ ಫೈಲು ಕಳಿಸಿ, ಅದರಲ್ಲೇ ತಿದ್ದಿ ಅದೇ ರೂಪದಲ್ಲಿ ವಾಪಸ್ ಕೊಡಿ ಅನ್ನುತ್ತಾರೆ. ಲಿಬ್ರೆಕ್ಯಾಡ್ ಡಿಡಬ್ಲ್ಯೂಜಿಯನ್ನು ತಕ್ಕಮಟ್ಟಿಗೆ ತೆರೆಯುತ್ತದೆ, ಆದರೆ ಆ ರೂಪದಲ್ಲಿ ಉಳಿಸುವುದಿಲ್ಲ. ಆಟೋಕ್ಯಾಡ್‌ನ ಹೊಸ ಶಾಶ್ವತ ಲೈಸೆನ್ಸ್ ಮಾರಾಟ 2016ರಲ್ಲೇ ನಿಂತಿದೆ, ಈಗ ಚಂದಾ ಮಾತ್ರ. ಅಂಥ ಆರ್ಡರ್ ಬಂದಾಗ ಒಂದು ತಿಂಗಳ ಚಂದಾ ಕಟ್ಟಿ, ಅದರ ಖರ್ಚನ್ನು ಕೊಟೇಷನ್‌ನಲ್ಲೇ ಸೇರಿಸುತ್ತೇನೆ.