ಜಠರವನ್ನು ಕಾಯುವ ಲೋಳೆ

ಅನ್ನವನ್ನು ಅರಗಿಸುವ ಜಠರವು ತನ್ನನ್ನೇ ತಾನು ಅರಗಿಸಿಕೊಳ್ಳುವುದಿಲ್ಲವೇಕೆ? ಜಠರರಸದ ಪಿಎಚ್ ಮೌಲ್ಯ 1ರಿಂದ 2ರಷ್ಟು. ಅಂದರೆ ಅದು ತೀಕ್ಷ್ಣವಾದ ಆಮ್ಲ. ಅದರೊಡನಿರುವ ಪೆಪ್ಸಿನ್ ಎಂಬ ಕಿಣ್ವವು ಪ್ರೋಟೀನುಗಳನ್ನು ತುಂಡರಿಸುತ್ತದೆ. ಜಠರದ ಗೋಡೆಯಲ್ಲಿಯೂ ಪ್ರೋಟೀನು ಉಂಟು. ಆದರೂ ಆರೋಗ್ಯವಂತರಲ್ಲಿ ಆ ಗೋಡೆಗೆ ಗಾಯವಾಗದಿರಲು ಮುಖ್ಯ ಕಾರಣ, ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲದ ಲೋಳೆಯ ಪದರ.

ಆಯುರ್ವೇದವು ಆಮಾಶಯದಲ್ಲಿ ಕ್ಲೇದಕ ಕಫವನ್ನು ಹೇಳಿ, ಅನ್ನವನ್ನು ನೆನೆಸುವುದು ಅದರ ಕಾರ್ಯವೆಂದಿದೆ. ಕ್ಲೇದಕ ಕಫವೂ ಈ ಲೋಳೆಯೂ ಒಂದೇ ಎಂದು ಸರಳವಾಗಿ ಹೇಳಿಬಿಡುವುದು ಸರಿಯಲ್ಲ. ಆದರೆ ಪಿತ್ತದ ಉಷ್ಣ, ತೀಕ್ಷ್ಣ ಗುಣಗಳಿಗೆ ಕಫದ ಶೀತ, ಸ್ನಿಗ್ಧ ಗುಣಗಳು ಎದುರಾಗಿ ನಿಲ್ಲುತ್ತವೆಂಬ ತತ್ತ್ವವು ಇಲ್ಲಿ ನಮಗೆ ದಾರಿದೀಪವಾಗಿದೆ.

ಲೋಳೆಯ ರಚನೆ

ಲೋಳೆಯ ಶೇ 95ರಷ್ಟು ಭಾಗ ನೀರು. ಉಳಿದುದರಲ್ಲಿ ಮುಖ್ಯವಾದುದು ಮ್ಯೂಸಿನ್ ಎಂಬ ಪ್ರೋಟೀನು. ಸಜ್ಜೆಯ ತೆನೆಯನ್ನು ನೆನೆಯಿರಿ: ನಡುವೆ ಒಂದು ದಂಟು, ಸುತ್ತಲೂ ಒತ್ತೊತ್ತಾದ ಕಾಳು. ಮ್ಯೂಸಿನ್‌ನಲ್ಲಿ ಪ್ರೋಟೀನಿನ ಎಳೆಯೇ ದಂಟು. ಅದಕ್ಕೆ ಅಂಟಿಕೊಂಡ ಸಕ್ಕರೆಯ ಸರಪಳಿಗಳೇ ಕಾಳು. ತೂಕದಲ್ಲಿ ಈ ಸಕ್ಕರೆಗಳ ಪಾಲು ಶೇ 70ಕ್ಕೂ ಹೆಚ್ಚು. ಅವು ನೀರನ್ನು ಹಿಡಿದಿಡುತ್ತವೆ ಮತ್ತು ಪೆಪ್ಸಿನ್ ದಂಟನ್ನು ತಲುಪದಂತೆ ತಡೆಯುತ್ತವೆ. ತುದಿಗಳಲ್ಲಿ ಗಂಧಕದ ಬಂಧಗಳು ಒಂದು ಎಳೆಯನ್ನು ಇನ್ನೊಂದಕ್ಕೆ ಹೆಣೆಯುವುದರಿಂದ ಲೋಳೆಯು ಗಟ್ಟಿಯಾದ ಜೆಲ್ ಆಗುತ್ತದೆ.

ಜಠರದ ಜೀವಕೋಶಗಳು ಈ ಜೆಲ್‌ನೊಳಗೆ ಬೈಕಾರ್ಬನೇಟ್ ಎಂಬ ಕ್ಷಾರವನ್ನು ಸ್ರವಿಸುತ್ತವೆ. ಒಳಕ್ಕಿಳಿಯುವ ಆಮ್ಲವು ಅಲ್ಲಿಯೇ ಶಮನಗೊಂಡು, ಗೋಡೆಯ ಬಳಿ ಪಿಎಚ್ 7ರ ಸಮೀಪದಲ್ಲಿರುತ್ತದೆ. ಹೊರಮೈಯನ್ನು ಪೆಪ್ಸಿನ್ ಸವೆಸುತ್ತಿದ್ದರೂ ಒಳಗಿನಿಂದ ಹೊಸ ಲೋಳೆ ಬರುತ್ತಲೇ ಇರುತ್ತದೆ.

ಲೋಳೆಯಿಲ್ಲದ ಕಡೆ ಆಮ್ಲವು ಏನು ಮಾಡಬಲ್ಲುದೆಂಬುದನ್ನು ದನಕರುಗಳಲ್ಲಿ ಕಾಣಬಹುದು. ಹಸು, ಎಮ್ಮೆ, ಕುರಿ, ಆಡುಗಳ ಹೊಟ್ಟೆಗೆ ನಾಲ್ಕು ಕೋಣೆಗಳು. ನಾಲ್ಕನೆಯದು ಮಾತ್ರ ಆಮ್ಲ ಸ್ರವಿಸುವ ನಿಜವಾದ ಜಠರ. ಅಲ್ಲಿ ಲೋಳೆಯ ಹೊದಿಕೆಯಿದೆ. ಮೊದಲ ಮೂರರಲ್ಲಿ ಲೋಳೆಯ ಗ್ರಂಥಿಗಳಿಲ್ಲ. ನಮ್ಮ ಅರಸೀಕೆರೆ, ಹರಪನಹಳ್ಳಿ ಸೀಮೆಯಲ್ಲಿ ಕಣಕ್ಕೆ ನುಗ್ಗಿದ ದನವು ಮೆಕ್ಕೆಜೋಳದ ಕಾಳನ್ನು ಮಿತಿಮೀರಿ ತಿಂದರೆ, ಮೊದಲ ಕೋಣೆಯಲ್ಲಿ ಅದು ಹುದುಗಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿ, ಗೋಡೆ ಬೆಂದಂತಾಗುತ್ತದೆ. ದನದ ಪ್ರಾಣಕ್ಕೇ ಅಪಾಯ ಬರುತ್ತದೆ.

ಕಾವಲು ಕೆಡುವ ಬಗೆ

ಲೋಳೆ ಮತ್ತು ಕ್ಷಾರದ ಸ್ರಾವಕ್ಕೆ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯಗಳ ಪ್ರೇರಣೆ ಬೇಕು. ಆಸ್ಪಿರಿನ್‌ನಂಥ ಔಷಧಿಗಳು ಇವುಗಳ ಉತ್ಪತ್ತಿಯನ್ನೇ ತಡೆಯುತ್ತವೆಂದು 1971ರಲ್ಲಿ ಜಾನ್ ವೇನ್ ತೋರಿಸಿದರು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳ ಕ್ರಿಯೆಯೂ ಇದೇ. ಮೊಣಕಾಲು, ಸೊಂಟದ ನೋವಿಗೆ ಅಂಗಡಿಯಿಂದ ಇಂಥ ಮಾತ್ರೆಗಳನ್ನು ತಂದು ತಿಂಗಳುಗಟ್ಟಲೆ ನುಂಗುವ ಹಿರಿಯರನ್ನು ನಾವು ನಿತ್ಯ ಕಾಣುತ್ತೇವೆ. ಇಂಜೆಕ್ಷನ್ ತೆಗೆದುಕೊಂಡರೆ ಹೊಟ್ಟೆಗೆ ಬಾಧೆಯಿಲ್ಲವೆಂಬುದು ತಪ್ಪು ನಂಬಿಕೆ. ಔಷಧಿಯು ರಕ್ತದ ಮೂಲಕವೂ ಅದೇ ಕೆಲಸ ಮಾಡುತ್ತದೆ.

ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು. ಅದು ಅಮೋನಿಯಾ ಉತ್ಪಾದಿಸಿ, ಸುತ್ತಲಿನ ಲೋಳೆಯನ್ನು ತೆಳುಗೊಳಿಸಿಕೊಂಡು ಒಳಗೆ ಸಾಗುತ್ತದೆ. ಇದನ್ನು ಕಂಡುಹಿಡಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಈ ಸೋಂಕಿಗೆ ಪರೀಕ್ಷೆಯೂ ಆಂಟಿಬಯೋಟಿಕ್ ಚಿಕಿತ್ಸೆಯೂ ಅವಶ್ಯ. ಕಷಾಯವನ್ನೇ ನೆಚ್ಚಿ ಕೂರಬಾರದು.

ಪಾಲಿಸಬೇಕಾದುದು

ಯಷ್ಟಿಮಧುವಿನ ಸತ್ವದಿಂದ ತಯಾರಾದ ಕಾರ್ಬೆನೊಕ್ಸೊಲೋನ್ ಎಂಬ ಔಷಧಿಯನ್ನು ಹಿಂದೆ ಪಾಶ್ಚಾತ್ಯ ವೈದ್ಯರೂ ಜಠರದ ಹುಣ್ಣಿಗೆ ಬಳಸಿದ್ದರು. ಅದು ಲೋಳೆಯ ರಕ್ಷಣೆಯನ್ನು ಬಲಪಡಿಸುತ್ತದೆ. ಆದರೆ ಯಷ್ಟಿಮಧುವನ್ನು ಹೆಚ್ಚಾಗಿ, ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಮ್ ಇಳಿಯುತ್ತದೆ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆಯುಳ್ಳವರೂ ಗರ್ಭಿಣಿಯರೂ ಇದನ್ನು ತಾವಾಗಿ ಸೇವಿಸಬಾರದು.

ನೋವಿನ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ಮುಂದುವರಿಸಬೇಡಿ. ಇಷ್ಟಲಿಂಗ ಪೂಜೆ ಮುಗಿಯುವವರೆಗೆ ಆಹಾರ ಸೇವಿಸದವರು, ಊಟದ ನಂತರ ತೆಗೆದುಕೊಳ್ಳಲು ಹೇಳಿದ ಮಾತ್ರೆಯನ್ನು ಪ್ರಸಾದದ ಬಳಿಕವೇ ತೆಗೆದುಕೊಳ್ಳಲಿ. ಊಟವು ಹೊಟ್ಟೆಯ ಉರಿಯನ್ನು ತಗ್ಗಿಸಬಹುದು, ಆದರೆ ಹುಣ್ಣನ್ನು ಪೂರ್ತಿಯಾಗಿ ತಡೆಯಲಾರದು. ಹೃದ್ರೋಗಕ್ಕಾಗಿ ಆಸ್ಪಿರಿನ್ ಸೇವಿಸುವವರು ತಾವಾಗಿ ಅದನ್ನು ನಿಲ್ಲಿಸದೆ ವೈದ್ಯರನ್ನು ಕೇಳಲಿ. ಬೀಡಿ, ತಂಬಾಕು, ಮದ್ಯಗಳನ್ನು ತೊರೆಯಲಿ.

ಮಲವು ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ, ಹೊಟ್ಟೆಯಲ್ಲಿ ಹಠಾತ್ತನೆ ತೀವ್ರ ನೋವೆದ್ದರೆ ಮನೆಮದ್ದಿಗೆ ಸಮಯವಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ನುಂಗಲು ತೊಡಕಾದರೆ ಎಂಡೋಸ್ಕೋಪಿ ಪರೀಕ್ಷೆಯನ್ನು ಮುಂದೂಡಬಾರದು. ಶರಣರು ದೇಗುಲವೆಂದು ಕಂಡ ಈ ದೇಹದಲ್ಲಿ ಲೋಳೆಯು ಹಗಲಿರುಳೂ ತನ್ನ ಕಾಯಕವನ್ನು ನಡೆಸುತ್ತಿದೆ. ಅದಕ್ಕೆ ಅಡ್ಡಿ ತಾರದಿರುವುದು ನಮ್ಮ ಕರ್ತವ್ಯ.