ಗಮಕಕ್ಕಾಗಿ ಫ್ರೆಟ್‌ಬೋರ್ಡ್ ಕೊರೆಯಬಹುದೇ?

ಸವಳಂಗದ ಓದುಗರೊಬ್ಬರು ಎಲೆಕ್ಟ್ರಿಕ್ ಗಿಟಾರಿನಲ್ಲಿ ತೋಡಿ ನುಡಿಸುತ್ತಾರೆ. ಗಮಕ ಸಲೀಸಾಗಲೆಂದು ರೋಸ್‌ವುಡ್ ಫ್ರೆಟ್‌ಬೋರ್ಡನ್ನು ಫ್ರೆಟ್‌ಗಳ ನಡುವೆ ಮನೆಯಲ್ಲೇ ಕೊರೆಯಬಹುದೇ ಎಂದು ಕೇಳಿದ್ದಾರೆ.

ಕೊರೆಯಬಹುದು. ಆದರೆ ತೆಗೆದ ಮರ ಮತ್ತೆ ಕೂಡುವುದಿಲ್ಲ; ಮೊದಲು ಯಾವುದಾದರೂ ಹಳೆಯ ನೆಕ್ ಮೇಲೆ ಕೈ ಪಳಗಿಸಿಕೊಳ್ಳಿ.

ನಿಮ್ಮ ಆಸೆ ಹೊಸದೇನಲ್ಲ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುವುದರಿಂದಲೇ ತಂತಿ ಅಷ್ಟು ಸುಲಭವಾಗಿ ಎಳೆತಕ್ಕೆ ಸಿಗುತ್ತದೆ. 1970ರ ದಶಕದಲ್ಲಿ ‘ಶಕ್ತಿ’ ತಂಡದ ಜಾನ್ ಮೆಕ್‌ಲಾಫ್ಲಿನ್ ಕೂಡ ಹೀಗೆ ಕೊರೆದ ಗಿಟಾರನ್ನೇ ನುಡಿಸಿದರು.

ನೆಕ್ ಬಿಚ್ಚಿಟ್ಟುಕೊಂಡು, ಫ್ರೆಟ್‌ಗಳಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ. 12ನೇ ಫ್ರೆಟ್‌ನಿಂದ ಮೇಲಕ್ಕೆ ಮಾತ್ರ ಕೊರೆದರೆ ಆರಂಭಕ್ಕೆ ಸಾಕು. ಅರ್ಧಗುಂಡು ಅರದಿಂದ ಎರಡು ಫ್ರೆಟ್‌ಗಳ ನಡುವೆ ಸುಮಾರು 1.5 ಮಿ.ಮೀ. ಇಳಿಸಿ, ಬೋರ್ಡಿನ ಅಡ್ಡಬಾಗು ಕೆಡದಂತೆ ಆಗಾಗ ನೋಡಿ. ಫ್ರೆಟ್ ಬುಡದ ಮರವನ್ನು ಮುಟ್ಟಲೇಬೇಡಿ; ಅಲ್ಲಿ ಸವೆದರೆ ಫ್ರೆಟ್ ಸಡಿಲವಾಗುತ್ತದೆ. ಆಮೇಲೆ 120, 240, 400ರ ಸ್ಯಾಂಡ್ ಪೇಪರ್, ಕೊನೆಗೆ ತೆಳುವಾಗಿ ಎಣ್ಣೆ. ಬಿಳಿ ಚುಕ್ಕೆಗಳು ತೆಳುವಾಗಿದ್ದರೆ ಅಳಿಸಿಹೋಗಬಹುದು.

ಮಾಸ್ಕ್ ಕಡ್ಡಾಯ. ರೋಸ್‌ವುಡ್ ಹುಡಿ ಚರ್ಮಕ್ಕೂ ಉಸಿರಿಗೂ ತೊಂದರೆ ಕೊಡುತ್ತದೆ. ಉಬ್ಬಸವಿದ್ದವರು ಈ ಕೆಲಸಕ್ಕೆ ಇಳಿಯದಿರುವುದೇ ಲೇಸು.

ನೆಕ್ ಬಾಗಿದ್ದರೆ, ದೇಹಕ್ಕೆ ಅಂಟಿಸಿದ್ದರೆ ಅಥವಾ ವಾರ್ನಿಷ್ ಹಾಕಿದ ಮೇಪಲ್ ಆಗಿದ್ದರೆ ಬೆಂಗಳೂರಿನ ಗಿಟಾರ್ ರಿಪೇರಿಯವರಿಗೇ ಕೊಡಿ. ಊರಿನ ಬಡಗಿ ಎಷ್ಟೇ ನುರಿತವರಾದರೂ ಇದು ಬೇರೆಯೇ ಕೆಲಸ.

ಕೊರೆಯುವುದಕ್ಕೂ ಮೊದಲು 9ರ ತೆಳು ತಂತಿ ಹಾಕಿ ನೋಡಿ, ಇಲ್ಲವೇ ಎತ್ತರದ ಜಂಬೋ ಫ್ರೆಟ್ ಹಾಕಿಸಿ. ಕೊರೆದ ಮೇಲಂತೂ ಬೆರಳು ಹಗುರವಾಗಿರಲಿ. ಒತ್ತಿದಷ್ಟೂ ಶ್ರುತಿ ಮೇಲೇರುತ್ತದೆ.