ಡಿಬಗರಿನ ‘ಪ್ರಿಂಟ್’ ಆಜ್ಞೆ

ಅರ್ಥಶಾಸ್ತ್ರ ಓದುವವನಿಗೆ ಕಂಪ್ಯೂಟರಿನ ಗೊಡವೆ ಏಕೆಂದು ಮಿತ್ರರು ನಗಬಹುದು. ನಡೆದ ಸಂಗತಿಯನ್ನೇ ಹೇಳುತ್ತೇನೆ.

ನಮ್ಮ ತಂದೆಯವರು ದಾವಣಗೆರೆಯ ಮಂಡಕ್ಕಿ ಭಟ್ಟಿಯೊಂದರಲ್ಲಿ ಚೀಲದ ಲೆಕ್ಕದ ಮೇಲೆ ದುಡಿಯುವವರು. ಅಕ್ಷರ ಬಾರದು, ಲೆಕ್ಕವೆಲ್ಲ ಬೆರಳ ಗೆಣ್ಣಿನಲ್ಲಿ. ರಜೆಯಲ್ಲಿ ಹರಿಹರದ ಸೋದರಮಾವನ ಮನೆಗೆ ಹೋಗಿದ್ದಾಗ ‘ಸಿ’ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಆರು ದಿನಕ್ಕೆ 45 ಚೀಲ, ಚೀಲಕ್ಕೆ 40 ರೂಪಾಯಿ. ದಿನಕ್ಕೆ ಸರಾಸರಿ ಕೂಲಿ ಎಷ್ಟು? ಯಂತ್ರವು 280 ಎಂದಿತು. ರಾತ್ರಿ ಫೋನಿನಲ್ಲಿ ತಿಳಿಸಿದಾಗ ತಂದೆಯವರು 300 ಆಗಬೇಕೆಂದರು. “ಕಂಪ್ಯೂಟರ್ ತಪ್ಪೋದಿಲ್ಲಪ್ಪಾ” ಎಂದುಬಿಟ್ಟೆ. ಅವರು ಮರುಮಾತಾಡಲಿಲ್ಲ.

ಮಾವ ಹಿಂದೆ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. “ಲೇತ್ ನಿಲ್ಸಿ ಅಳತೆ ನೋಡ್ದೆ ಸರಿ ಐತಿ ಅಂತ ಹೆಂಗ್ ಹೇಳ್ತೀಯೋ?” ಎಂದರು.

ಡಿಬಗರಿನ ಕೆಲಸವೂ ಇದೇ ಅಲ್ಲವೆ? ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದ ಜಿ.ಡಿ.ಬಿ. ಎಂಬುದು ಓಡುತ್ತಿರುವ ಪ್ರೋಗ್ರಾಮನ್ನು ನಾವು ಹೇಳಿದ ಸಾಲಿನಲ್ಲಿ ನಿಲ್ಲಿಸುತ್ತದೆ. ಅಲ್ಲಿ ‘ಪ್ರಿಂಟ್’ ಎಂದು ಬರೆದು ಮುಂದೆ ಒಂದು ಹೆಸರನ್ನಾಗಲಿ ಇಡೀ ಲೆಕ್ಕವನ್ನಾಗಲಿ ಕೊಟ್ಟರೆ ಆ ಕ್ಷಣದ ಬೆಲೆಯನ್ನು ತೋರಿಸುತ್ತದೆ. ಆದರೆ ಪ್ರೋಗ್ರಾಮನ್ನು ಕಂಪೈಲ್ ಮಾಡುವಾಗ ‘ಜಿ’ ಎಂಬ ಸೂಚನೆ ಕೊಟ್ಟಿರಬೇಕು. ಇಲ್ಲವಾದರೆ ನಾವಿಟ್ಟ ಹೆಸರುಗಳ ಪರಿಚಯ ಅದಕ್ಕಿರದು.

ಸರಾಸರಿ ತೆಗೆಯುವ ಸಾಲಿನಲ್ಲಿ ನಿಲ್ಲಿಸಿ ಕೇಳಿದೆ. ಏನೋ ಅಸಂಬದ್ಧ ಸಂಖ್ಯೆ ಬಂತು. ನಿಂತ ಸಾಲು ಇನ್ನೂ ನಡೆದಿರುವುದಿಲ್ಲವೆಂಬುದು ಆಮೇಲೆ ಹೊಳೆಯಿತು! ‘ನೆಕ್ಸ್ಟ್’ ಎಂದು ಒಂದು ಸಾಲು ನಡೆಸಿ ಮತ್ತೆ ಕೇಳಿದರೆ 7. ‘ಪ್ರಿಂಟ್ ಚೀಲ / ದಿನ’ ಎಂದೆ, ಅದೂ 7. ‘ಪ್ರಿಂಟ್ ಚೀಲ * 1.0 / ದಿನ’ ಎಂದಾಗ ಮಾತ್ರ 7.5.

ಕಳ್ಳ ಸಿಕ್ಕಿದ. ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ‘ಸಿ’ ಭಾಷೆಯು ದಶಾಂಶವನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಉತ್ತರವನ್ನಿಡುವ ಪಾತ್ರೆ ದಶಾಂಶದ್ದಾಗಿದ್ದರೂ ಫಲವಿಲ್ಲ, ಭಾಗಾಕಾರ ಅದಕ್ಕೆ ಮೊದಲೇ ಮುಗಿದಿರುತ್ತದೆ. ಹೀಗೆ ದಿನಕ್ಕೆ ಅರ್ಧ ಚೀಲ, ವಾರಕ್ಕೆ 120 ರೂಪಾಯಿ ನನ್ನ ಪ್ರೋಗ್ರಾಮಿನಲ್ಲೇ ಕರಗಿತ್ತು.

ಒಂದು ಎಚ್ಚರಿಕೆ: ‘ಪ್ರಿಂಟ್ ದಿನ = 7’ ಎಂದರೆ ಅದು ಪ್ರಶ್ನೆಯಲ್ಲ, ದಿನದ ಬೆಲೆಯೇ 7 ಆಗಿಬಿಡುತ್ತದೆ. ಹೋಲಿಸಿ ನೋಡಲು ಸಮ ಚಿಹ್ನೆ ಎರಡು ಬೇಕು.

ಮರುದಿನ ಊರಿಗೆ ಬಂದು ತಂದೆಯವರಿಗೆ, “ನಿನ್ನ ಲೆಕ್ಕನೇ ಸರಿ ಅಪ್ಪಾ” ಎಂದೆ.

“ಅದು ಗೊತ್ತೈತಿ. ಅರ್ಧ ಚೀಲ ಎಲ್ಲಿ ಹೋಗಿತ್ತು, ಅದನ್ನ ಹೇಳು” ಎಂದರು.